ನೀರು ತಿಳಿ, ತೊಟ್ಟಿ ಇನ್ನೂ ಹಸಿ

ಹೊಸ ಅಕ್ವೇರಿಯಂ ನೀರು ಎಷ್ಟೇ ತಿಳಿಯಾಗಿದ್ದರೂ ಮೀನಿಗೆ ವಿಷವಾದ ಅಮೋನಿಯ ಕಣ್ಣಿಗೆ ಕಾಣುವುದಿಲ್ಲ. ಅದನ್ನು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಮೊದಲು ಫಿಲ್ಟರಿನಲ್ಲಿ ಬೆಳೆಯಬೇಕು. ಮೀನು ಬಿಡದೆ ಅಮೋನಿಯವನ್ನು 2 ಪಿಪಿಎಂಗೆ (ಲೀಟರಿಗೆ 2 ಮಿಲಿಗ್ರಾಂ) ಏರಿಸಿ, ಫಿಲ್ಟರ್ ಹಗಲೂ ರಾತ್ರಿ ಓಡಲಿ. ಮೊದಲು ಅಮೋನಿಯ ಇಳಿದು ನೈಟ್ರೈಟ್ ಏರುತ್ತದೆ, ಏರಿ ವಾರಗಟ್ಟಲೆ ಅಲ್ಲೇ ಕೂತುಬಿಡುತ್ತದೆ. ಕಾಯುವುದೇ ಇಲ್ಲಿನ ಅರ್ಧ ಕೆಲಸ. ಈ ಹಂತದಲ್ಲಿ ನೈಟ್ರೇಟ್ ರೀಡಿಂಗ್ ನಂಬಬೇಡಿ: ಆ ಟೆಸ್ಟ್ ನೈಟ್ರೈಟನ್ನೂ ಸೇರಿಸಿಕೊಂಡು ಬಣ್ಣ ತೋರಿಸುತ್ತದೆ. ನೈಟ್ರೇಟ್ ಟೆಸ್ಟ್ ಕಿಟ್ಟಿನ ಎರಡನೇ ಬಾಟಲಿಯನ್ನು 30 ಸೆಕೆಂಡ್ ಜೋರಾಗಿ ಅಲುಗಾಡಿಸದಿದ್ದರೆ ಉಲ್ಟಾ, ಕಡಿಮೆ ತೋರಿಸುತ್ತದೆ (ಸೋಮಾರಿ ಕೈಗೆ ಸದಾ ಸೊನ್ನೆ!).

ರೀಡಿಂಗ್ ಎಲ್ಲವೂ ನಿಂತಂತಾದರೆ ಪಿಎಚ್ (ನೀರಿನ ಆಮ್ಲೀಯತೆಯ ಅಳತೆ) ನೋಡಿ. ಪಿಎಚ್ ಕುಸಿಯದಂತೆ ತಡೆಯುವ ಕಾರ್ಬೊನೇಟ್ ನೀರಿನಲ್ಲಿ ಖಾಲಿಯಾಗಿ ಪಿಎಚ್ 6.5ಕ್ಕಿಂತ ಕೆಳಗಿಳಿದರೆ ಬ್ಯಾಕ್ಟೀರಿಯಾ ಮಂಕಾಗುತ್ತವೆ. ಆಗ ಅರ್ಧ ನೀರು ಬದಲಿಸಿ, ಕ್ಲೋರಿನ್ ತೆಗೆದದ್ದನ್ನೇ ಹಾಕಿ. 2 ಪಿಪಿಎಂ ಹಾಕಿದ 24 ಗಂಟೆಯೊಳಗೆ ಅಮೋನಿಯ, ನೈಟ್ರೈಟ್ ಎರಡೂ 0 ಆದರೆ, ನೀರು ಬದಲಿಸಿ ನೈಟ್ರೇಟ್ ತಗ್ಗಿಸಿ, ಮೀನು ಬಿಡಿ.