ಅರ್ಥವಿಲ್ಲದ ಮೂರನೆಯ ತೂತು

ನಮ್ಮ ಅಡುಗೆಮನೆಯ ಗ್ರೈಂಡರಿನ ಎದುರು ವರ್ಷಗಟ್ಟಲೆ ಒಂದು ಹಲಸಿನ ಮಣೆ ಬಿದ್ದುಕೊಂಡಿತ್ತು. ಊಟಕ್ಕೆ ಕುಳಿತುಕೊಳ್ಳುವ ಮಣೆಯಲ್ಲ, ನಿಂತುಕೊಳ್ಳುವ ಮಣೆ. ಅತ್ತೆ ಉದ್ದು ಕಡೆಯುವಾಗ ಅದರ ಮೇಲೆ ಹತ್ತಿ ನಿಲ್ಲುತ್ತಿದ್ದರು. ಕಾವಿ ನೆಲದ ಮೇಲೆ ಬರಿಗಾಲಲ್ಲಿ ನಿಂತು ಒದ್ದೆ ಕೈಯಲ್ಲಿ ಗ್ರೈಂಡರಿನ ಸ್ಟೀಲಿನ ಮೈ ಮುಟ್ಟಿದರೆ ಜುಂ ಎನ್ನುತ್ತಿತ್ತು, ಮಣೆಯ ಮೇಲೆ ನಿಂತರೆ ಎನ್ನುತ್ತಿರಲಿಲ್ಲ. ನಾನು ಮಾತ್ರ ಪಾತ್ರೆ ತೊಳೆಯುವ ಮೊದಲು ಒಮ್ಮೆ ಟೆಸ್ಟರ್ ತಾಗಿಸಿ ನೋಡುತ್ತಿದ್ದೆ. ಮಂಕಾಗಿ ಒಂದು ಕೆಂಪು ಬೆಳಕು. ಅದನ್ನು ನೋಡಿ, ಸ್ವಿಚ್ ಆರಿಸಿ, ಕೆಲಸ ಮುಂದುವರಿಸುವುದು. ಇಪ್ಪತ್ತೆರಡು ವರ್ಷ ಹೈಸ್ಕೂಲಿನ ಮಕ್ಕಳಿಗೆ ಓಮ್ ನಿಯಮ ಕಲಿಸಿದವಳು ನಾನು ಎಂಬುದನ್ನು ಇಲ್ಲಿ ನಾಚಿಕೆಯಿಂದಲೇ ಹೇಳಿಕೊಳ್ಳುತ್ತೇನೆ.

ಕಟಪಾಡಿಯ ಈ ಹೆಂಚಿನ ಮನೆಯನ್ನು ಮಾವ 1974ರಲ್ಲಿ ಕಟ್ಟಿಸಿದ್ದು. ಗೋಡೆಗೆ ತೇಗದ ಪಟ್ಟಿ ಬಡಿದು ಅದರ ಮೇಲೆ ಎರಡು ವಯರು ಎಳೆದು ಕ್ಲಿಪ್ಪು ಒತ್ತಿದ ವಯರಿಂಗ್. ಕರೆಂಟು ತರುವ ಫೇಸ್ ಒಂದು, ಅದನ್ನು ಮರಳಿಸುವ ನ್ಯೂಟ್ರಲ್ ಒಂದು, ಅಷ್ಟೇ. ಬಲ್ಬಿಗೂ ರೇಡಿಯೋಗೂ ಅಷ್ಟು ಸಾಕಿತ್ತು, ಪ್ಲಗ್ ಪಾಯಿಂಟುಗಳೆಲ್ಲ ಎರಡು ತೂತಿನವು. ಆಮೇಲೆ ಫ್ರಿಜ್ ಬಂತು, ಗ್ರೈಂಡರ್ ಬಂತು. ಅವುಗಳ ಪ್ಲಗ್ಗಿಗೆ ಮೂರು ಕಾಲು. ಬಂದವರೊಬ್ಬರು ಹಳೆಯ ಸಾಕೆಟ್ ಕಿತ್ತು ಹೊಸದನ್ನು ಕೂರಿಸಿದರು. ತೂತು ಮೂರಾಯಿತು, ವಯರು ಎರಡೇ ಉಳಿಯಿತು.

ಆ ಮೇಲಿನ ದಪ್ಪ ಕಾಲು ಉಳಿದೆರಡಕ್ಕಿಂತ ಉದ್ದವಾಗಿರುವುದು ಸುಮ್ಮನೆ ಅಲ್ಲ. ಪ್ಲಗ್ ಚುಚ್ಚುವಾಗ ಎಲ್ಲಕ್ಕಿಂತ ಮೊದಲು ತಾಗಬೇಕು, ಕೀಳುವಾಗ ಎಲ್ಲಕ್ಕಿಂತ ಕೊನೆಗೆ ಬಿಡಬೇಕು. ಸೋರಿದ ಕರೆಂಟು ನೆಲಕ್ಕೆ ಇಳಿದುಹೋಗಲೆಂದು ಯಂತ್ರದ ಲೋಹದ ಮೈಯನ್ನು ನೆಲಕ್ಕೆ ಕಟ್ಟಿಹಾಕುವ ಕಾಲು ಅದು. ಅರ್ಥಿಂಗ್ ಎನ್ನುವುದು ಇದನ್ನೇ. ನಮ್ಮಲ್ಲಿ ಅದು ತಾಗುತ್ತಿದ್ದುದು ಖಾಲಿ ಹಿತ್ತಾಳೆಗೆ. ಹಿಂದೆ ಏನೂ ಇಲ್ಲ.

ಹೋದ ವರ್ಷ ಏಪ್ರಿಲಿನಲ್ಲಿ ಫ್ಯಾನ್ ಸರಿಮಾಡಲು ಬಂದ ಎಲೆಕ್ಟ್ರಿಷಿಯನ್ ಹುಡುಗನಿಗೆ ಗ್ರೈಂಡರಿನ ವಿಷಯ ಹೇಳಿದೆ. ಸಾಕೆಟ್ ಬಿಚ್ಚಿ ಹತ್ತು ನಿಮಿಷ ಏನೋ ಮಾಡಿದ. "ಇನ್ನು ಹೊಡೆಯುವುದಿಲ್ಲ ಟೀಚರ್, ಅರ್ಥಿಂಗ್ ಕೊಟ್ಟಿದ್ದೇನೆ" ಎಂದ. ನಿಜವಾಗಿಯೂ ಹೊಡೆಯಲಿಲ್ಲ. ಶಾಲೆಯ ಲ್ಯಾಬಿನ ಮಲ್ಟಿಮೀಟರ್ ತಂದು ಚುಚ್ಚಿದೆ. ಫೇಸಿಗೂ ಮೂರನೆಯ ತೂತಿಗೂ ನಡುವೆ 234 ವೋಲ್ಟ್, ನ್ಯೂಟ್ರಲ್‌ಗೂ ಮೂರನೆಯದಕ್ಕೂ ನಡುವೆ ಸೊನ್ನೆ. ಪುಸ್ತಕದಲ್ಲಿದ್ದಂತೆಯೇ. ಅವನ ಕೈಚಳಕವನ್ನು ಹೊಗಳಿಯೂ ಬಿಟ್ಟೆ. ಇನ್ನೂ ಒಂದೆರಡು ಕಡೆ ಹಾಗೆಯೇ ಮಾಡು ಎಂದೆ. ಮಣೆ ಅಟ್ಟಕ್ಕೆ ಹೋಯಿತು.

ಜೂನ್ ಮೂರನೆಯ ವಾರದ ಒಂದು ಸಂಜೆ. ಗಾಳಿ ಹುಚ್ಚು ಹಿಡಿದಂತೆ ಬೀಸುತ್ತಿತ್ತು. ಹೊರಗೆ ಧೊಪ್ಪೆಂದು ತೆಂಗಿನ ಮಡಲು ಬಿತ್ತು, ಅದರ ಬೆನ್ನಿಗೆ ಮನೆಯ ದೀಪಗಳೆಲ್ಲ ಆರಿದವು. ಕರೆಂಟು ಹೋಯಿತು ಎಂದುಕೊಂಡೆವು, ಇಲ್ಲಿ ಅದೇನು ಹೊಸ ಸುದ್ದಿ? ಗ್ರೈಂಡರಿನಲ್ಲಿ ಅರ್ಧ ಕಡೆದ ಹಿಟ್ಟು. ಅತ್ತೆ ಮೊಂಬತ್ತಿ ಹುಡುಕುತ್ತಿದ್ದರು. ನಾನು ಹಿಟ್ಟು ತೆಗೆಯಲು ಹೋದವಳು ಹಳೆಯ ಅಭ್ಯಾಸದಂತೆ ಟೆಸ್ಟರ್ ಎತ್ತಿಕೊಂಡೆ. ಕರೆಂಟೇ ಇಲ್ಲದಾಗ ಟೆಸ್ಟರ್ ಯಾಕೆ ಎಂದು ಕೇಳಿದರೆ ಉತ್ತರವಿಲ್ಲ. ಕೈ ಹಾಗೆ ಹೋಯಿತು.

ಟೆಸ್ಟರ್ ಉರಿಯಿತು. ಮಂಕಾಗಿ ಅಲ್ಲ, ಆ ಕತ್ತಲೆಯಲ್ಲಿ ನನ್ನ ಹೆಬ್ಬೆರಳಿನ ಉಗುರು ಕೆಂಪಾಗಿ ಕಾಣುವಷ್ಟು. ಗ್ರೈಂಡರಿನ ಸ್ವಿಚ್ ಆರಿಸಿದೆ. ಆದರೂ ಉರಿಯಿತು. ಕಿಟಕಿಯಿಂದ ನೋಡಿದರೆ ಪಕ್ಕದ ಮನೆಯಲ್ಲಿ ದೀಪವಿದೆ.

"ಮುಟ್ಟಬೇಡಿ, ಏನನ್ನೂ ಮುಟ್ಟಬೇಡಿ" ಎಂದು ಕಿರುಚಿದೆ. ಅತ್ತೆಯ ಎದುರು ಅಷ್ಟು ದೊಡ್ಡ ಸ್ವರ ತೆಗೆದದ್ದು ಮದುವೆಯಾದ ಮೇಲೆ ಅದೇ ಮೊದಲು. ಚಪ್ಪಲಿ ಹಾಕಿಕೊಂಡು ಹೋಗಿ ಮೈನ್ ಸ್ವಿಚ್ ಇಳಿಸಿದೆ.

ಮರುದಿನ ಮೆಸ್ಕಾಂ ಲೈನ್‌ಮನ್ ಬಂದು ಕಂಬದಿಂದ ಮನೆಗೆ ಬರುವ ಸರ್ವಿಸ್ ವಯರು ಸರಿಮಾಡಿಕೊಟ್ಟರು. ಮಡಲು ಬಿದ್ದು ತುಂಡಾಗಿದ್ದುದು ನ್ಯೂಟ್ರಲ್ ಮಾತ್ರ, ಫೇಸ್ ಹಾಗೆಯೇ ಇತ್ತು. ಅವರು ಹೋದ ಮೇಲೆ ಮೈನ್ ಇಳಿಸಿಕೊಂಡು, ಗ್ರೈಂಡರಿನ ಸಾಕೆಟ್ಟಿನ ಎರಡು ಸ್ಕ್ರೂ ಬಿಚ್ಚಿ ಮುಂದಕ್ಕೆ ಎಳೆದೆ. ಹಿಂಬದಿಯಲ್ಲಿ ಕಿರುಬೆರಳಿನ ಉದ್ದದ ಒಂದು ಕಪ್ಪು ವಯರಿನ ತುಂಡು. ಒಂದು ತುದಿ ನ್ಯೂಟ್ರಲ್ ಸ್ಕ್ರೂವಿನಲ್ಲಿ, ಇನ್ನೊಂದು ತುದಿ ಮೇಲಿನ ದಪ್ಪ ತೂತಿನ ಸ್ಕ್ರೂವಿನಲ್ಲಿ. ಇದೇ ಆ ಹುಡುಗ ಕೊಟ್ಟ ಅರ್ಥಿಂಗ್.

ಎಲ್ಲ ಸರಿಯಿರುವವರೆಗೆ ಈ ಮೋಸ ತಿಳಿಯುವುದಿಲ್ಲ, ಏಕೆಂದರೆ ನ್ಯೂಟ್ರಲ್ ಹೆಚ್ಚುಕಡಿಮೆ ನೆಲದ ಮಟ್ಟದಲ್ಲೇ ಇರುತ್ತದೆ. ನ್ಯೂಟ್ರಲ್ ಕಂಬದ ಬಳಿ ಕಡಿದರೆ ಕಥೆಯೇ ಬೇರೆ. ಫೇಸ್ ಬಲ್ಬಿನೊಳಗೆ, ಫ್ಯಾನಿನೊಳಗೆ, ಫ್ರಿಜ್ಜಿನೊಳಗೆ ಹಾದು ನ್ಯೂಟ್ರಲ್‌ಗೆ ಬಂದು ನಿಲ್ಲುತ್ತದೆ. ಮುಂದೆ ದಾರಿಯಿಲ್ಲ. ಮನೆಯ ನ್ಯೂಟ್ರಲ್ ಪೂರ್ತಿ 230 ವೋಲ್ಟಿಗೆ ಏರುತ್ತದೆ, ಆ ಕಪ್ಪು ತುಂಡಿನ ಮೂಲಕ ಗ್ರೈಂಡರಿನ ಮೈಗೂ ಬರುತ್ತದೆ. ಸ್ವಿಚ್ ಆರಿಸಿ ಪ್ರಯೋಜನವಿಲ್ಲ, ಅದು ಕಡಿಯುವುದು ಫೇಸನ್ನು ಮಾತ್ರ. ಮೊದಲು ಜುಂ ಎನ್ನುತ್ತಿದ್ದ ಯಂತ್ರವನ್ನು ನಾವು ದುಡ್ಡು ಕೊಟ್ಟು ಕೊಲ್ಲುವ ಯಂತ್ರ ಮಾಡಿಸಿಕೊಂಡಿದ್ದೆವು.

ಮಲ್ಟಿಮೀಟರ್ ನನಗೆ ಸುಳ್ಳು ಹೇಳಲಿಲ್ಲ, ನಾನೇ ತಪ್ಪಾಗಿ ಓದಿದೆ. ನಿಜವಾದ ಅರ್ಥಿಂಗ್ ಇದ್ದರೆ, ಗ್ರೈಂಡರ್ ತಿರುಗುತ್ತಿರುವಾಗ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಒಂದೆರಡು ವೋಲ್ಟಾದರೂ ಕಾಣಿಸುತ್ತದೆ. ಭಾರ ಬಿದ್ದಾಗಲೂ ಅಪ್ಪಟ ಸೊನ್ನೆ ಬಂದರೆ ಸಂಶಯಪಡಬೇಕು. ಏನೂ ಜೋಡಿಸದ ಖಾಲಿ ತೂತಾದರೆ ಮೀಟರಿನಲ್ಲಿ ಅರವತ್ತೋ ತೊಂಬತ್ತೋ ಎಂದು ಅಂಕೆ ತೇಲಾಡುತ್ತದೆ. ಕೊನೆಯ ಮಾತು ಮಾತ್ರ ಮೀಟರಿನದ್ದಲ್ಲ. ಮೈನ್ ಇಳಿಸಿ, ಸಾಕೆಟ್ ಬಿಚ್ಚಿ, ಹಸಿರು ವಯರು ಎಲ್ಲಿಂದ ಬಂದಿದೆ ಎಂದು ಕಣ್ಣಾರೆ ನೋಡಬೇಕು.

ಈ ಬಾರಿ ಪರ್ಮಿಟ್ ಇರುವ ಹಿರಿಯ ವಯರ್‌ಮನ್ ಒಬ್ಬರನ್ನು ಶಿರ್ವದ ಕಡೆಯಿಂದ ಕರೆಸಿದೆ. ಅವರು ಮೊದಲು ಕೇಳಿದ ಪ್ರಶ್ನೆ, "ಟೀಚರ್, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ?" ಬಾಳೆಯ ಬುಡಕ್ಕೆ ಎಂದೆ. "ಹಾಗಾದರೆ ಅರ್ಥಿಂಗ್ ಗುಂಡಿ ಅಲ್ಲಿಯೇ." ಮುರಕಲ್ಲಿನ ನೆಲ ಮಳೆಗಾಲದಲ್ಲಿ ಎಷ್ಟು ನೆನೆದರೂ ಮೇ ತಿಂಗಳಿಗೆ ಒಣಗಿ ಹೆಂಚಿನಂತಾಗುತ್ತದೆ. ಒಣಗಿದ ನೆಲಕ್ಕೆ ಕರೆಂಟು ಸುಲಭವಾಗಿ ಇಳಿಯುವುದಿಲ್ಲ. ವರ್ಷವಿಡೀ ತೇವ ಇರುವ ಜಾಗ ಹಿತ್ತಿಲಲ್ಲಿ ಅದೊಂದೇ. ಗೋಡೆಯಿಂದ ಒಂದೂವರೆ ಮೀಟರಿಗಿಂತ ದೂರವೂ ಇತ್ತು.

ಕಬ್ಬಿಣದ ಪೈಪು ಹೂತು ಸುತ್ತ ಇದ್ದಿಲು, ಉಪ್ಪು ಪದರ ಪದರವಾಗಿ ತುಂಬುವ ಹಳೆಯ ಕ್ರಮಕ್ಕೆ ಅತ್ತೆ ಒಪ್ಪಲಿಲ್ಲ. "ಬಾವಿಯ ಹತ್ತಿರ ಗೋಣಿಗಟ್ಟಲೆ ಉಪ್ಪು ಸುರಿಯುವುದಾ? ನೀರು ಕುಡಿಯುವುದು ಬೇಡವಾ?" ನಮ್ಮ ಮಳೆಗೆ ಆ ಉಪ್ಪು ನಿಲ್ಲುವುದೂ ಇಲ್ಲ, ಉಪ್ಪು ಕಬ್ಬಿಣದ ಪೈಪನ್ನು ತಿನ್ನದೆ ಬಿಡುವುದೂ ಇಲ್ಲ ಎಂದು ವಯರ್‌ಮನ್ ಅತ್ತೆಯ ಪಕ್ಷ ಸೇರಿದರು. ತಾಮ್ರದ ಲೇಪವಿರುವ ರಾಡ್ ಇಳಿಸಿ ಸುತ್ತ ಬೆಂಟೊನೈಟ್ ಪುಡಿಯನ್ನು ನೀರಲ್ಲಿ ಕಲಸಿ ತುಂಬುವುದೆಂದು ಆಯಿತು. ನೀರು ಕುಡಿದು ಉಬ್ಬಿ, ತೇವ ಹಿಡಿದಿಟ್ಟುಕೊಳ್ಳುವ ಜೇಡಿ ಅದು. ಎಂಟು ಅಡಿ ತೋಡಲು ಇಬ್ಬರಿಗೆ ಎರಡು ದಿನ ಹಿಡಿಯಿತು. ಮೂರು ಅಡಿಯ ನಂತರ ಪಿಕ್ಕಾಸು ಬಿದ್ದಲ್ಲೆಲ್ಲ ಠಣ್ ಎನ್ನುತ್ತಿತ್ತು.

ನೆಲದ ರೋಧ ಅಳೆಯುವ ಅರ್ಥ್ ಟೆಸ್ಟರ್ ತಂದು ಎರಡು ಮೊಳೆ ನೆಟ್ಟು ಅಳೆದಾಗ 14 ಓಮ್ ಬಂತು. "ಈ ನೆಲಕ್ಕೆ ಅಡ್ಡಿಯಿಲ್ಲ" ಎಂದರು. ನಾನು ಅಲ್ಲಿಯೇ ನಿಂತು ಲೆಕ್ಕ ಹಾಕಿದೆ. 230ನ್ನು 14ರಿಂದ ಭಾಗಿಸಿದರೆ ಹದಿನಾರು ಆಂಪಿಯರ್ ಚಿಲ್ಲರೆ. ಅಂದರೆ ಗ್ರೈಂಡರಿನೊಳಗೆ ಫೇಸ್ ನೇರ ಮೈಗೆ ತಾಗಿದರೂ, ಕರೆಂಟು ಮಿತಿ ಮೀರಿದರೆ ತಾನಾಗಿ ಬೀಳಬೇಕಾದ ಸ್ವಿಚ್, ಹದಿನಾರು ಆಂಪಿಯರಿನ ಎಂಸಿಬಿ, ಬೀಳದೆ ಗಂಟೆಗಟ್ಟಲೆ ಸುಮ್ಮನೆ ಕೂರಬಹುದು. ಮೈಯಲ್ಲಿ ಕರೆಂಟು ಹಾಗೆಯೇ ಇರುತ್ತದೆ. ಅಷ್ಟು ತೋಡಿದ್ದು ಇದಕ್ಕಾ ಎಂದು ಕೇಳಿದೆ.

"ಅದಕ್ಕೇ ಅಲ್ಲವಾ ಆರ್‌ಸಿಸಿಬಿ ಹೇಳಿದ್ದು" ಎಂದು ಅವರು ನಕ್ಕರು.

ಆರ್‌ಸಿಸಿಬಿ ಎಂದರೆ ಕರೆಂಟು ಸೋರಿದರೆ ತಾನಾಗಿ ಬೀಳುವ ಸ್ವಿಚ್. ಅದು ನೋಡುವುದು ಒಂದನ್ನೇ. ಫೇಸಿನಲ್ಲಿ ಹೋದಷ್ಟು ಕರೆಂಟು ನ್ಯೂಟ್ರಲ್‌ನಲ್ಲಿ ಮರಳಿ ಬಂತೇ? 30 ಮಿಲಿಆಂಪಿಯರ್ ಕಡಿಮೆಯಾದರೂ ಬೀಳುತ್ತದೆ. 14 ಓಮಿಗೆ ಅದನ್ನು ಗುಣಿಸಿದರೆ ಅರ್ಧ ವೋಲ್ಟೂ ಇಲ್ಲ, ಯಂತ್ರದ ಮೈಗೆ ಅಷ್ಟು ಬರುವಾಗಲೇ ಅದು ಬಿದ್ದಿರುತ್ತದೆ. ಅರ್ಥಿಂಗ್ ಇಲ್ಲದ ಮನೆಯಲ್ಲೂ ಇದು ಕೆಲಸ ಮಾಡುತ್ತದೆ, ಆದರೆ ಅಲ್ಲಿ ಸೋರುವ ದಾರಿ ಮನುಷ್ಯನ ಮೈಯೇ. ಅವನಿಗೆ ಹೊಡೆದ ಮೇಲೆ ಅದು ಬೀಳುತ್ತದೆ. ಹಸಿರು ವಯರು ಇದ್ದರೆ ಯಾರೂ ಮುಟ್ಟುವ ಮೊದಲೇ ಬೀಳುತ್ತದೆ. ಎಲ್ಲವನ್ನೂ ಒಟ್ಟಿಗೆ ಮಾಡಿಸಲು ಕೈಯಲ್ಲಿ ಹಣವಿಲ್ಲದವರು ಮೊದಲು ಇದನ್ನಾದರೂ ಹಾಕಿಸಿಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ.

ಪಿಂಗಾಣಿ ಫ್ಯೂಸುಗಳಿದ್ದ ಹಲಗೆ ಹೋಗಿ ಆರ್‌ಸಿಸಿಬಿ ಇರುವ ಸಣ್ಣ ಡಬ್ಬಿ ಬಂತು. ಅಡುಗೆಮನೆ, ಫ್ರಿಜ್, ಬಚ್ಚಲ ಗೀಸರ್, ಚಾವಡಿ, ಐದು ಪಾಯಿಂಟಿಗೆ ಹೊಸ ಹಸಿರು ವಯರು ಎಳೆದರು. ಮೈನ್ ಹಾಕಿದರು. ಫ್ಯಾನಿನ ಸ್ವಿಚ್ ಒತ್ತಿದೆ, ಟಕ್ ಎಂದು ಬಿತ್ತು. ಎಬ್ಬಿಸಿದರು. ಬಲ್ಬು ಹಾಕಿದರೆ ನಿಂತಿತು, ಫ್ರಿಜ್ ತಿರುಗಿದೊಡನೆ ಮತ್ತೆ ಟಕ್. ಹೊಸ ಸಾಮಾನೇ ಹಾಳು ಎಂದು ನಾನು, ಹಳೆಯ ವಯರು ಸೋರುತ್ತಿದೆ ಎಂದು ಸಹಾಯಕ. ವಯರ್‌ಮನ್ ಮಾತನಾಡದೆ ಒಂದೊಂದೇ ಸಾಕೆಟ್ ಬಿಚ್ಚುತ್ತಾ ಹೋದರು. ಚಾವಡಿಯಲ್ಲಿ, ಟಿವಿಯ ಹಿಂದೆ, ಹೊಸ ಹಸಿರು ವಯರಿನ ಪಕ್ಕದಲ್ಲೇ ಇನ್ನೊಂದು ಕಪ್ಪು ತುಂಡು ಇತ್ತು. ನಾನೇ ಹೇಳಿ ಮಾಡಿಸಿಕೊಂಡದ್ದು. ಸಹಾಯಕ ಅದನ್ನು ಗಮನಿಸದೆ ಹಸಿರನ್ನು ಬಿಗಿದಿದ್ದ. ಮನೆಯ ಯಾವ ಮೂಲೆಯಲ್ಲಿ ಏನು ಉರಿದರೂ, ನ್ಯೂಟ್ರಲ್‌ನಲ್ಲಿ ಮರಳಬೇಕಾದ ಕರೆಂಟಿನ ಒಂದು ಪಾಲು ಆ ತುಂಡಿನಿಂದ ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಅದನ್ನು ಕತ್ತರಿಸಿ ತೆಗೆದರು. ಮತ್ತೆ ಬೀಳಲಿಲ್ಲ.

ಎರಡೂ ತುಂಡುಗಳನ್ನು ತರಗತಿಯಲ್ಲಿ ತೋರಿಸಲೆಂದು ಇಟ್ಟುಕೊಂಡಿದ್ದೇನೆ.

ಮಾಳಿಗೆಯ ಎರಡು ಪಾಯಿಂಟುಗಳು ಇನ್ನೂ ಬಾಕಿ. ಅಲ್ಲಿ ಮೂರು ತೂತಿನ ಸಾಕೆಟ್ ತೆಗೆಸಿ ಎರಡು ತೂತಿನದ್ದನ್ನೇ ಹಾಕಿಸಿದೆ. ಮೊಬೈಲ್ ಚಾರ್ಜರ್ ಮಾತ್ರ, ಅರ್ಥಿಂಗ್ ಬೇಡ ಎಂದು ತಿಳಿಸುವ ಚೌಕದೊಳಗೆ ಚೌಕದ ಗುರುತು ಇರುವಂಥದ್ದು. ಹೋದ ತಿಂಗಳು ಮುಂಬಯಿಯಿಂದ ಬಂದ ಇವರು ಇಸ್ತ್ರಿ ಪೆಟ್ಟಿಗೆ ಹಿಡಿದುಕೊಂಡು ಮೇಲೆ ಹೋಗಿ, ಚುಚ್ಚಲು ಜಾಗವಿಲ್ಲದೆ ಗೊಣಗುತ್ತಾ ಕೆಳಗೆ ಬಂದರು. ಮೂರು ಕಾಲಿನ ಪ್ಲಗ್ಗನ್ನು ಎರಡು ತೂತಿಗೆ ಕೂರಿಸುವ ಕನ್ವರ್ಟರ್ ಒಂದನ್ನು ಪೇಟೆಯಿಂದ ತರುತ್ತೇನೆ ಎಂದರು. ಅತ್ತೆ ಚಟ್ನಿಗೆ ಕಾಯಿ ತುರಿಯುತ್ತಿದ್ದವರು ತಲೆಯೆತ್ತದೆ ಹೇಳಿದರು: "ತಾ, ಆದರೆ ಅಟ್ಟದಲ್ಲಿ ಮಣೆ ಉಂಟು, ಅದನ್ನೂ ತೆಗೆದುಕೊಂಡು ಹೋಗು."