ಹಲಗೆಯ ಮೇಲಿನ ಹಳದಿ ಗೆರೆ

ಇಂದು ಬೆಳಿಗ್ಗೆ ಪಾಳಿ ಬದಲಾಗುವ ಹೊತ್ತಿನಲ್ಲಿ ಉಪಕರಣಗಳ ಹಲಗೆಯ ಮುಂದೆ ನಿಂತಾಗ, 14 ಮಿ.ಮೀ. ಸ್ಪ್ಯಾನರ್ ಇರಬೇಕಾದ ಜಾಗದಲ್ಲಿ ಅದರ ಆಕಾರದ ಹಳದಿ ಗೆರೆ ಮಾತ್ರ ಉಳಿದಿರುವುದು ಕಣ್ಣಿಗೆ ಬಿತ್ತು. ಹುಡುಕಲು ಎರಡು ನಿಮಿಷವೂ ಹಿಡಿಯಲಿಲ್ಲ. ರಾತ್ರಿ ಪಾಳಿಯವರು ಅದನ್ನು ಯಂತ್ರದ ಮೇಲೆಯೇ ಬಿಟ್ಟಿದ್ದರು. ಗೆರೆ ಇಲ್ಲದಿದ್ದರೆ, ಬೇಕಾಗುವ ತನಕ ಅದು ಕಾಣೆಯಾಗಿದೆ ಎಂಬುದೇ ಯಾರಿಗೂ ತಿಳಿಯುತ್ತಿರಲಿಲ್ಲ.

ಕೆಲಸದ ಜಾಗವನ್ನು ಐದು ಹೆಜ್ಜೆಗಳಲ್ಲಿ ಅಚ್ಚುಕಟ್ಟಾಗಿಡಲು ಜಪಾನಿನ ಕಾರ್ಖಾನೆಗಳಲ್ಲಿ ರೂಪುಗೊಂಡ 5ಎಸ್ ಪದ್ಧತಿಯಲ್ಲಿ, ಬೇಡದ್ದನ್ನು ಬೇರ್ಪಡಿಸುವ ಸೈರಿ, ಆ ಹಳದಿ ಗೆರೆಯಂತೆ ಉಳಿದದ್ದಕ್ಕೆ ಜಾಗ ಗೊತ್ತುಪಡಿಸುವ ಸೈಟನ್, ಸ್ವಚ್ಛಗೊಳಿಸುವ ಸೈಸೊ ಎಂಬ ಮೊದಲ ಮೂರು ಹೆಜ್ಜೆಗಳನ್ನು ಒಂದು ವಾರದ ಉತ್ಸಾಹದಲ್ಲಿ ಮುಗಿಸಿ, ಫೋಟೋ ತೆಗೆದು ಗೋಡೆಗೆ ಅಂಟಿಸಲೂಬಹುದು (ನಾವೂ ಅಂಟಿಸಿದ್ದೆವು). ನಿಜವಾದ ತೊಡಕು ಇರುವುದು ನಾಲ್ಕನೆಯದಾದ ಸೈಕೆಟ್ಸುವಿನಲ್ಲಿ, ಅಂದರೆ ಆ ಮೂರನ್ನೂ ಯಾರು, ಯಾವಾಗ, ಹೇಗೆ ಮಾಡಬೇಕೆಂದು ಬರೆದಿಟ್ಟು ಎಲ್ಲ ಪಾಳಿಗಳಿಗೂ ಒಂದೇ ಕ್ರಮವನ್ನಾಗಿಸುವುದರಲ್ಲಿ. ಐದನೆಯದಾದ ಶಿತ್ಸುಕೆ, ಎಂದರೆ ಶಿಸ್ತು, ಅದರ ನಂತರದ ಮಾತು.

ನಮ್ಮಲ್ಲಿ ಮೊದಲು ಬರೆದ ತಪಾಸಣಾ ಪಟ್ಟಿಯಲ್ಲಿ 32 ಸಾಲುಗಳಿದ್ದವು. ತಿಂಗಳೊಳಗೆ ಎಲ್ಲರೂ ಕಣ್ಣುಮುಚ್ಚಿ ಟಿಕ್ ಹಾಕತೊಡಗಿದರು. ಈಗಿರುವುದು ಏಳೇ ಸಾಲು. ಅವು ಯಂತ್ರದ ಮುಂದೆ ನಿಲ್ಲುವವರೇ ಕೂತು ಬರೆದವು, ಪಾಳಿ ಮುಗಿಯುವ ಐದು ನಿಮಿಷ ಮುಂಚೆ ಯಂತ್ರ ನಿಲ್ಲಿಸಿ ಮಾಡುವಂಥವು. ಆ ಐದು ನಿಮಿಷವನ್ನು ಕೆಲಸದ ಅವಧಿಯಲ್ಲೇ ಕೊಡದೆ ಶಿಸ್ತಿನ ಬಗ್ಗೆ ಭಾಷಣ ಮಾಡಿ ಪ್ರಯೋಜನವಿಲ್ಲವೆಂಬುದು ನನ್ನ ಅಭಿಪ್ರಾಯ. ಹೊರಡುತ್ತಿದ್ದ ರಾತ್ರಿ ಪಾಳಿಯವರನ್ನು ಸ್ಪ್ಯಾನರ್ ಬಗ್ಗೆ ಕೇಳಿದಾಗ, ಕೊನೆಯ ಗಳಿಗೆಯಲ್ಲಿ ತುರ್ತು ಕೆಲಸವೊಂದು ಬಂದು ಆ ಐದು ನಿಮಿಷವೇ ಸಿಗಲಿಲ್ಲ ಎಂದರು.