ನೀಲಿಯಾದರೂ ಬೆಳೆಯದ ಬ್ಯಾಕ್ಟೀರಿಯಾ

ರಾಯಚೂರಿನ ಪ್ರಯೋಗಾಲಯವೊಂದಕ್ಕೆ ಸಂಶೋಧನಾ ಸಹಾಯಕನಾಗಿ ಸೇರಿದ ಮೊದಲ ಬೇಸಿಗೆಯಲ್ಲಿ ಒಂದೂವರೆ ತಿಂಗಳನ್ನು ನಾನು ಕರೆಂಟನ್ನು ಬೈಯುವುದರಲ್ಲೇ ಕಳೆದೆ.

ನಮ್ಮ ಗುರಿ ಭತ್ತಕ್ಕೆ ದುಂಡಾಣು ಅಂಗಮಾರಿ ರೋಗ ತರುವ ಕ್ಸಾಂಥೊಮೊನಾಸ್. ಗದ್ದೆಯಲ್ಲಿ ಎಲೆಯಂಚು ಹಳದಿಯಾಗಿ ಒಣಗುತ್ತ ಬರುವುದನ್ನು ಕಂಡ ಸಿಂಧನೂರು, ಮಾನ್ವಿ ಕಡೆಯವರಿಗೆ ಅದರ ಪರಿಚಯ ಮಾಡಿಕೊಡಬೇಕಿಲ್ಲ. ಅದರ ಯಾವ ಜೀನ್ ಏನು ಮಾಡುತ್ತದೆಂದು ತಿಳಿಯಲು ಒಂದೊಂದನ್ನೇ ಸುಮ್ಮನಾಗಿಸಿ ನೋಡಬೇಕು. ಮೊದಲು ಕೈ ಪಳಗಲಿ ಎಂದು ನನಗೆ ಪ್ರಯೋಗಾಲಯಗಳ ಮಾಮೂಲಿ ಬ್ಯಾಕ್ಟೀರಿಯಾ ಇ. ಕೋಲಿ ಕೊಟ್ಟರು.

ಜೀನ್ ತಿದ್ದುವ ತಂತ್ರವಾದ ಕ್ರಿಸ್ಪರ್‌ನಲ್ಲಿ ಕ್ಯಾಸ್9 ಎಂಬ ಪ್ರೋಟೀನ್ ಡಿಎನ್‌ಎಯನ್ನು ಕತ್ತರಿಸುತ್ತದೆ. ಆ ಏಟಿಗೆ ಇ. ಕೋಲಿ ಬಹುಪಾಲು ಸತ್ತೇ ಹೋಗುತ್ತದೆ. ಹಾಗಾಗಿ ನಾವು ಬಳಸುವುದು ಎರಡು ಅಮೈನೋ ಆಮ್ಲ ಬದಲಿಸಿ ಹಲ್ಲು ಕಿತ್ತ ಡಿಕ್ಯಾಸ್9. 20 ಅಕ್ಷರಗಳ ಗೈಡ್ ಆರ್‌ಎನ್‌ಎ ತೋರಿಸಿದ ಜಾಗದ ಪಕ್ಕದಲ್ಲಿ ಎನ್‌ಜಿಜಿ ಗುರುತಿದ್ದರೆ (ಯಾವುದಾದರೂ ಒಂದು ಅಕ್ಷರ, ಆಮೇಲೆ ಎರಡು ಜಿ) ಅದು ಅಲ್ಲೇ ಕುಳಿತುಬಿಡುತ್ತದೆ, ಕತ್ತರಿಸುವುದಿಲ್ಲ. ಜೀನನ್ನು ಓದುತ್ತ ಬಂದ ಪಾಲಿಮರೇಸ್ ಕಿಣ್ವಕ್ಕೆ ಮುಂದೆ ದಾರಿ ಸಿಗುವುದಿಲ್ಲ.

ಲ್ಯಾಕ್ಟೋಸ್ ಸಕ್ಕರೆಯನ್ನು ಒಡೆಯುವ ಕಿಣ್ವದ ಜೀನ್ ಲ್ಯಾಕ್‌ಜೆಡ್. ಅದನ್ನು ಹೀಗೆ ತಡೆದೆ. ಆ ಕಿಣ್ವ ಒಡೆದಾಗ ನೀಲಿ ಬಣ್ಣ ಕೊಡುವ ಎಕ್ಸ್‌-ಗ್ಯಾಲ್ ಬೆರೆಸಿದ ಪ್ಲೇಟಿನಲ್ಲಿ ನೀಲಿಯಾಗಬೇಕಿದ್ದ ಕಾಲೊನಿಗಳು ಬಿಳಿಯಾದವು. ಖುಷಿಯಾಯಿತು. ಪರಿಣಾಮ ಆ ಜೀನಿನದೇ ಎಂದು ಸಾಬೀತುಪಡಿಸಲು, ಗೈಡ್ ಹಿಡಿಯದಂತೆ ಅಕ್ಷರ ಬದಲಿಸಿದ ಲ್ಯಾಕ್‌ಜೆಡ್ ಪ್ರತಿಯೊಂದನ್ನು ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿ ಒಳಗೆ ಕಳಿಸಿದೆ. ನೀಲಿ ಮರಳಿತು. ಆದರೆ ಲ್ಯಾಕ್ಟೋಸ್ ಒಂದೇ ಆಹಾರವಾಗಿರುವ ಪ್ಲೇಟಿನಲ್ಲಿ ಏನೂ ಬೆಳೆಯಲಿಲ್ಲ. ಕಿಣ್ವವಿದೆ, ಬಣ್ಣ ಬರುತ್ತಿದೆ, ಊಟ ಮಾತ್ರ ಇಳಿಯುತ್ತಿಲ್ಲ!

ಏಪ್ರಿಲ್ ತಿಂಗಳು. ಕರೆಂಟ್ ಹೋದಾಗ ಇನ್‌ಕ್ಯುಬೇಟರ್ ಕೆಟ್ಟಿತೆಂದುಕೊಂಡೆ, ಲ್ಯಾಕ್ಟೋಸ್ ಹಳೆಯದೆಂದುಕೊಂಡೆ, ನೀರನ್ನೂ ಅನುಮಾನಿಸಿದೆ. ಮೂರು ಸಲ ಹೊಸದಾಗಿ ಪ್ಲೇಟ್ ಸುರಿದೆ. ಅದೇ ಇನ್‌ಕ್ಯುಬೇಟರಿನಲ್ಲಿ, ಅದೇ ಮಾಧ್ಯಮದಲ್ಲಿ ಗೈಡ್ ಇಲ್ಲದ ತಳಿ ಸೊಗಸಾಗಿ ಬೆಳೆದು ನಿಂತಿತ್ತು. ಕಣ್ಣೆದುರಿಗೇ ಇದ್ದ ಆ ಸಾಕ್ಷಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ವಾರದ ಸಭೆಯಲ್ಲಿ ಹಿರಿಯ ಮೇಡಂ ಏನನ್ನೂ ವಿವರಿಸದೆ ಬೋರ್ಡಿನ ಮೇಲೆ ಮೂರು ಬಾಣ ಎಳೆದರು: ಲ್ಯಾಕ್‌ಜೆಡ್, ಲ್ಯಾಕ್‌ವೈ, ಲ್ಯಾಕ್‌ಎ. ಒಂದೇ ಆಪೆರಾನ್, ಅಂದರೆ ಒಟ್ಟಿಗೆ ಓದಿಸಿಕೊಳ್ಳುವ ಜೀನುಗಳ ಸಾಲು; ಒಂದೇ ಓದು. ಮೊದಲನೆಯದರಲ್ಲಿ ಅಡ್ಡಗಟ್ಟಿದರೆ ಅದರ ನಂತರದ ಎರಡೂ ಒಣಗುತ್ತವೆ. ಲ್ಯಾಕ್ಟೋಸನ್ನು ಕೋಶದೊಳಗೆ ತರುವುದು ಲ್ಯಾಕ್‌ವೈ. ಎಕ್ಸ್‌-ಗ್ಯಾಲ್‌ಗೆ ಆ ಬಾಗಿಲು ಬೇಕಿಲ್ಲ, ಆದ್ದರಿಂದಲೇ ನೀಲಿ ಬಂದಿತ್ತು.

ನಾಚಿಕೆಯಾದದ್ದು ಪಾಠ ಮರೆತದ್ದಕ್ಕಲ್ಲ. ನಮ್ಮಪ್ಪ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದ ರೈತ. ಮೇಲ್ಭಾಗದಲ್ಲಿ ನೀರು ತಡೆದರೆ ನಮ್ಮ ತೂಬಿಗೆ ಏನು ಬರುತ್ತದೆ ಎಂಬುದನ್ನು ನೋಡುತ್ತಲೇ ಬೆಳೆದವನು ನಾನು. ಅಂಥವನಿಗೆ ಇದನ್ನು ಬಾಣ ಎಳೆದು ತೋರಿಸಬೇಕಾಯಿತು.

ಪ್ಲಾಸ್ಮಿಡ್‌ಗೆ ಲ್ಯಾಕ್‌ವೈಯನ್ನೂ ಸೇರಿಸಿದ ಮೇಲೆ ಕಾಲೊನಿಗಳು ಎದ್ದವು. ಕ್ಸಾಂಥೊಮೊನಾಸ್‌ನಲ್ಲಿ ರೋಗ ತರಲು ಬೇಕಾದ ಎಚ್‌ಆರ್‌ಪಿ ಜೀನುಗಳೂ ಹೀಗೇ ಸಾಲುಗಟ್ಟಿ ಕುಳಿತಿವೆ. ಅಲ್ಲಿ ನನ್ನ ಮೊದಲ ಗೈಡಿಗೆ ಸಾಲಿನ ಕೊನೆಯ ಜೀನನ್ನು ಆರಿಸಿಕೊಂಡಿದ್ದೇನೆ.